ವರಾಂಡಕ್ಕೆ ಖಾಲಿ ತಾಟು ತಂದ ಡಾಕ್ಟರು

ಹೊಟ್ಟೆಯ ಆಪರೇಷನ್ ಮುಗಿಸಿ ನೀವು ಹೊರಗೆ ಬಂದಾಗ, ರೋಗಿಯ ಕಡೆಯವರು ನಿಮ್ಮ ಮುಖ ನೋಡದೆ ಕೈ ನೋಡಿದ್ದುಂಟೆ? ಬದುಕಿದ್ದಾನೋ ಇಲ್ಲವೋ ಎಂದು ಕೇಳುವ ಮೊದಲು ‘ಏನು ತೆಗೆದಿರಿ, ತೋರಿಸಿ’ ಎಂದದ್ದುಂಟೆ? ಈಗಷ್ಟೇ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಇನ್ನೂ ಆಗಿರಲಿಕ್ಕಿಲ್ಲ. ಆಗುತ್ತದೆ, ಸ್ವಲ್ಪ ತಡೆಯಿರಿ. ಆದಾಗ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹೆಡ್ ನರ್ಸ್ ಆದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿ ನಿಮಗೇನೂ ಆಗಬೇಕಾದ್ದಿಲ್ಲ.

ನಮ್ಮದು ಕೊಪ್ಪಳದ ಸ್ಟೇಷನ್ ದಾರಿಯಲ್ಲಿ ಒಬ್ಬ ಅಡತಿ ವ್ಯಾಪಾರಿ ಕಟ್ಟಿಸಿಕೊಟ್ಟಿದ್ದ ಧರ್ಮ ದವಾಖಾನೆ. ಈಗ ಅದು ಇಲ್ಲ. ಆಪರೇಷನ್ ಕೋಣೆಯಲ್ಲಿ ಶೇಂಗಾ ಚೀಲ ಪೇರಿಸಿಟ್ಟಿದ್ದಾರೆ ಎಂದು ಕೇಳಿದ್ದೇನೆ. ನಿಜಾಮರ ಕಾಲದಲ್ಲಿ ನಾನು ಅಲ್ಲಿಗೆ ಬಂದಾಗ ಕೆಲಸಕ್ಕೆ ಇದ್ದವರು ಇಬ್ಬರು. ಒಬ್ಬರು ಡಾಕ್ಟರ್ ನರಹರಿರಾಯರು, ಧಾರವಾಡದ ಕಡೆಯವರು. ನಗುವುದಿದ್ದರೂ ಬೈಯುವುದಿದ್ದರೂ ಅವರ ಮುಖ ಒಂದೇ ರೀತಿ ಇರುತ್ತಿತ್ತು. ಇನ್ನೊಬ್ಬರು ಡ್ರೆಸ್ಸರ್ ಖಾಸೀಂಸಾಬ್. ಗಾಯ ಕಟ್ಟುವುದು, ಸಾಮಾನು ಕುದಿಸುವುದು, ಆಪರೇಷನ್ ಹೊತ್ತಿಗೆ ರೋಗಿಯ ಮುಖದ ಮೇಲೆ ಈಥರ್ ಹನಿಸುವುದು, ಎಲ್ಲವೂ ಅವರದೇ. ಮೂರನೆಯವಳು ನಾನು. ರೋಗಿಗಳು ನನ್ನನ್ನು ‘ಬಾಯಾರ’, ಎಂದರೆ ಅಮ್ಮನವರೇ, ಎಂದು ಕರೆಯುತ್ತಿದ್ದರು.

ತಾಟು ತೋರಿಸುವ ಪದ್ಧತಿ ಶುರು ಮಾಡಿದ್ದು ಸ್ವತಃ ಡಾಕ್ಟರೇ. ದವಾಖಾನೆಗೆ ಜನ ಹೆದರುತ್ತಿದ್ದರು. ಒಳಗೆ ಏನು ನಡೆಯುತ್ತದೆಂದು ಗೊತ್ತಾಗದೆ, ಇದ್ದದ್ದನ್ನೂ ಕದ್ದುಕೊಳ್ಳುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಡಾಕ್ಟರು ತೆಗೆದದ್ದನ್ನು ಬಿಳಿ ಎನಾಮಲ್ ತಾಟಿನಲ್ಲಿಟ್ಟು ವರಾಂಡಕ್ಕೆ ತಂದು ಎಲ್ಲರಿಗೂ ತೋರಿಸತೊಡಗಿದರು. ಕುಷ್ಟಗಿ ಕಡೆಯಿಂದ ಮೂತ್ರದ ಕಲ್ಲಿನವರು ಬಹಳ ಬರುತ್ತಿದ್ದರು. ಕಲ್ಲನ್ನು ತಾಟಿನಲ್ಲಿ ನೋಡಿ, ಕೈಯಲ್ಲಿ ತೂಗಿ, ಅರಿವೆಯಲ್ಲಿ ಕಟ್ಟಿಕೊಂಡು ಊರಿಗೆ ಒಯ್ಯುತ್ತಿದ್ದರು. ಒಬ್ಬ ಮಾವ ಅಳಿಯನ ಕಲ್ಲನ್ನು ನೋಡಿ, “ಇಷ್ಟ ಸಣ್ಣದಕ್ಕ ಇಷ್ಟೊಂದು ಒದರಾಡ್ದೇನ್ರಿ ಇವ?” ಎಂದು ಡಾಕ್ಟರನ್ನು ಕೇಳಿದ್ದ. ಕುಕನೂರಿನ ಒಬ್ಬ ಹೆಂಗಸಿನ ಹೊಟ್ಟೆಯಿಂದ ಕುಂಬಳಕಾಯಿಯಷ್ಟು ದೊಡ್ಡ ಗಡ್ಡೆ ಬಂತು. ಅದನ್ನು ನೋಡಲು ಸ್ಟೇಷನ್ನಿನಿಂದಲೂ ಜನ ಬಂದರು. ದವಾಖಾನೆಗೆ ಹೆಸರು ಬಂದದ್ದು ಆ ತಾಟಿನಿಂದಲೇ. ತೊಂದರೆ ಬಂದದ್ದೂ ಅದರಿಂದಲೇ.

ತೊಂದರೆಗೆ ಕಾರಣ ಹೊಟ್ಟೆಯ ಹುಣ್ಣು. ಡುಯೋಡಿನಲ್ ಅಲ್ಸರ್ ಎಂದು ನೀವು ಪುಸ್ತಕದಲ್ಲಿ ಓದಿರುತ್ತೀರಿ. ಜಠರ ಮುಗಿದು ಕರುಳು ಶುರುವಾಗುವಲ್ಲಿ ಆಗುವ ಹುಣ್ಣು. ಅದರ ಹಿಂದೆಯೇ ಒಂದು ದಪ್ಪ ರಕ್ತನಾಳ ಹರಿಯುತ್ತದೆ. ಹುಣ್ಣು ಕೊರೆಯುತ್ತ ಹೋಗಿ ಆ ನಾಳವನ್ನು ಮುಟ್ಟಿದರೆ ರಕ್ತ ಒಳಗೊಳಗೇ ಸುರಿಯುತ್ತದೆ. ವಾಂತಿಯಾದರೆ ಕೆಂಪಗೆ ಕಾಣುತ್ತದೆ. ಕೆಳಗೆ ಹೋದರೆ ಡಾಂಬರಿನ ಹಾಗೆ ಕಪ್ಪಗಾಗಿ ಹೋಗುತ್ತದೆ.

ಈ ಹುಣ್ಣಿನ ಗುಣ ವಿಚಿತ್ರ. ಹೊಟ್ಟೆ ಖಾಲಿಯಾದಾಗ ನೋವು ಏಳುತ್ತದೆ, ಏನಾದರೂ ತಿಂದರೆ ಇಳಿಯುತ್ತದೆ. ಗಂಡಸರು ರೊಟ್ಟಿ ಚೂರನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ಮನೆಯವರು ಇದನ್ನು ರೋಗವೆಂದೇ ನಂಬುತ್ತಿರಲಿಲ್ಲ. ಕುಕನೂರಿನ ಇನ್ನೊಬ್ಬಾಕೆ ಗಂಡನನ್ನು ಕರೆತಂದು ಡಾಕ್ಟರಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ.

“ಉಣ್ಣಾಕ ಕೊಟ್ರ ಬ್ಯಾನಿ ಹೋಗತೈತಂತ್ರಿ. ಇಂಥಾ ಬ್ಯಾನಿ ನಮಗ್ಯಾಕ ಬರವಲ್ದು ಹೇಳ್ರಿ.”

ಡಾಕ್ಟರು ಆಕೆಯ ನಾಲಿಗೆಯನ್ನೂ ಒಮ್ಮೆ ನೋಡಿ, “ನಿನಗ ಬರಂಗಿಲ್ಲ ಬಿಡವ್ವಾ” ಎಂದರು.

ಮಲದ ಬಣ್ಣ ಕೇಳಿ ತಿಳಿಯುವುದು ನನ್ನ ಕೆಲಸವಾಗಿತ್ತು. ಹೆಂಗಸು ಕೇಳಿದರೆ ಗಂಡಸರು ಉತ್ತರ ಕೊಡುತ್ತಿರಲಿಲ್ಲ. ಗೋಡೆ ನೋಡಿ “ಛಲೋ ಐತ್ರಿ” ಎನ್ನುತ್ತಿದ್ದರು. ಖಾಸೀಂಸಾಬರು ಕೇಳಿದರೂ ಪ್ರಯೋಜನವಾಗಲಿಲ್ಲ. ಯಲಬುರ್ಗಾದ ಒಬ್ಬ ರೈತ ಮಾತ್ರ ಕಾರಣ ಬಿಡಿಸಿ ಹೇಳಿದ.

“ಬೆಳಕ ಹರಿಯೂದ್ರಾಗ ಹೊಲಕ್ಕ ಹೋಗಿ ಬಂದಿರ್ತೀವ್ರಿ. ಕತ್ತಲಿ ಕರ್ರಗ, ಎರಿ ಭೂಮಿ ಕರ್ರಗ. ಅದರಾಗ ಇನ್ಯಾವುದು ಕರ್ರಗ ಐತಿ ಅಂತ ಯಾರು ಹುಡುಕ್ಯಾರ.”

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆಯ ಅರ್ಧ ಜನಕ್ಕೆ ರಕ್ತ ಹೋಗುತ್ತಿದೆ ಎಂಬುದು ಗೊತ್ತಾಗುತ್ತಿದ್ದದ್ದು ಹೊಲದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆಯೇ.

ಡಾಕ್ಟರೂ ಈ ಬಣ್ಣದ ವಿಷಯದಲ್ಲಿ ಒಮ್ಮೆ ಮೋಸ ಹೋಗಿದ್ದರು. ಗಂಗಾವತಿಯ ಒಬ್ಬ ಅಂಗಡಿಯವನ ಮಲ ಕಪ್ಪಗಿದೆ ಎಂದು ತಿಳಿದು ಹಾಸಿಗೆಯಿಂದ ಏಳಬಾರದು, ಹಾಲಿನ ಗುಟುಕು ಬಿಟ್ಟು ಏನೂ ಕೊಡಬಾರದು ಎಂದು ಕಟ್ಟುನಿಟ್ಟು ಮಾಡಿದರು. ಅವನು ದಿನದಿನಕ್ಕೆ ಇಳಿದುಹೋದ. ಕಡೆಗೆ ನೋಡಿದರೆ ಅವನು ಶಕ್ತಿಗೆಂದು ಊರ ವೈದ್ಯರ ಲೋಹದ ಭಸ್ಮ ತಿನ್ನುತ್ತಿದ್ದ. ದಿಂಬಿನ ಕೆಳಗೆ ಪೊಟ್ಟಣ ಇಟ್ಟುಕೊಂಡು ದವಾಖಾನೆಯಲ್ಲೂ ತಿನ್ನುತ್ತಿದ್ದ. ಕಪ್ಪಗಾಗುವುದು ಅದರಿಂದಲೇ. ಡಾಕ್ಟರು ಪೊಟ್ಟಣ ಮೂಸಿ ನೋಡಿ, “ಇವನಿಗೆ ರೊಟ್ಟಿ ಕೊಡ್ರಿ” ಎಂದು ಮುಂದಿನ ಹಾಸಿಗೆಗೆ ಹೋದರು. ಅವತ್ತಿನಿಂದ ನಾನು ಬಣ್ಣ ಕೇಳುವ ಮೊದಲು ದಿಂಬು ಎತ್ತಿ ನೋಡುತ್ತಿದ್ದೆ. ನೀವೂ ನೋಡಿ.

ಚಿಕಿತ್ಸೆಯೂ ಬದಲಾಗುತ್ತಲೇ ಇತ್ತು. ಮೊದಮೊದಲು ರಕ್ತ ಕಾರಿದವರನ್ನು ಉಪವಾಸ ಹಾಕುತ್ತಿದ್ದೆವು. ಆಮೇಲೆ ಬಂದ ಪುಸ್ತಕ ಉಣಿಸಿರಿ ಎಂದಿತು, ಉಣಿಸಿದೆವು. ಉಣಿಸಿದವರು ಹೆಚ್ಚು ಬದುಕಿದರು. ಬಹಳ ಜನರಿಗೆ ಮಲಗಿದಲ್ಲೇ ರಕ್ತ ನಿಂತುಬಿಡುತ್ತಿತ್ತು. ನಿಂತು ಮತ್ತೆ ಶುರುವಾದವರಿಗೆ ಮಾತ್ರ ಕೊಯ್ಯಬೇಕಾಗುತ್ತಿತ್ತು. ಈಗಿನ ಹಾಗೆ ಬಾಟ್ಲಿಯಲ್ಲಿ ರಕ್ತ ಸಿಗುತ್ತಿರಲಿಲ್ಲ. ಇದ್ದದ್ದು ಕುದಿಸಿ ಆರಿಸಿದ ಉಪ್ಪುನೀರು. ಯುದ್ಧದ ವರ್ಷಗಳಲ್ಲಿ ಹೊಲಿಗೆ ದಾರವೂ ಬರುವುದು ನಿಂತಿತು. ಡಾಕ್ಟರು ಕುಷ್ಟಗಿ ಕಡೆಯ ನೇಕಾರರಿಂದ ಬಣ್ಣ ಹಾಕದ ರೇಷ್ಮೆ ಎಳೆ ತರಿಸಿ, ಕುದಿಸಿ ಬಳಸತೊಡಗಿದರು. ಒಂದೇ ಎಳೆಯನ್ನು ಹೆಚ್ಚು ಸಲ ಕುದಿಸಿದರೆ ಅದು ಲಡ್ಡಾಗಿ, ಗಂಟು ಬಿಗಿಯುವಾಗ ಪಟ್ಟನೆ ಹರಿಯುತ್ತದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಹರಿದ ಮೇಲೆಯೇ ಗೊತ್ತಾದದ್ದು.

ಇಂಥ ಹುಣ್ಣಿಗೆ ನಾವು ಮೊದಲು ಆಪರೇಷನ್ ಮಾಡಿದ್ದು ಯಲಬುರ್ಗಾ ತಾಲ್ಲೂಕಿನ ಗಾಣದ ಈರಪ್ಪನಿಗೆ. ಆಗ ಮಾಡುತ್ತಿದ್ದದ್ದು ಎರಡು ಕೆಲಸ. ಕರುಳಿನ ಆ ಜಾಗವನ್ನು ತೆರೆದು ರಕ್ತ ಚಿಮ್ಮುವ ನಾಳಕ್ಕೆ ಹೊಲಿಗೆ ಹಾಕಿ ಕಟ್ಟುವುದು. ಆಮೇಲೆ ಕೆಳಗಿನ ಕರುಳಿನ ಒಂದು ಮಡಿಕೆಯನ್ನು ಎತ್ತಿ ಜಠರಕ್ಕೆ ಜೋಡಿಸಿ, ಉಂಡದ್ದು ಹುಣ್ಣನ್ನು ಬಿಟ್ಟು ಬೇರೆ ದಾರಿಯಲ್ಲಿ ಇಳಿಯುವ ಹಾಗೆ ಮಾಡುವುದು. ಈ ಕೆಲಸದಲ್ಲಿ ಹೊರಗೆ ಬರುವಂಥದ್ದು ಏನೂ ಇಲ್ಲ. ಎಲ್ಲ ಒಳಗೇ ಉಳಿಯುತ್ತದೆ.

ಈರಪ್ಪನ ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಕೈ ತೊಳೆದುಕೊಂಡು, ಬಹಳ ವರ್ಷದ ರೂಢಿಯಿಂದ, ಎನಾಮಲ್ ತಾಟನ್ನು ಎತ್ತಿಕೊಂಡು ವರಾಂಡಕ್ಕೆ ಹೋದರು. ತಾಟಿನಲ್ಲಿ ಏನೂ ಇರಲಿಲ್ಲ. ಈರಪ್ಪನ ಅಣ್ಣ ತಾಟಿನೊಳಗೆ ಬಗ್ಗಿ ನೋಡಿದ.

“ಎಲ್ಲೈತ್ರಿ?”

“ಏನು?”

“ತಗದದ್ದು.”

“ತಗೀಲಿಲ್ಲ. ಹೊಲದೆ.”

“ಹೊಲಿಯಾಕ ಮೊದಲ ಹರದವರು ಯಾರ್ರಿ?”

“ನಾನ.”

ಅಣ್ಣ ಹೋಗಿ ವರಾಂಡದ ಕಟ್ಟೆಯ ಮೇಲೆ ಕುಳಿತು, ಪಕ್ಕದವನಿಗೆ ನಾವು ಕೇಳುವ ಹಾಗೆಯೇ ಹೇಳಿದ: “ಹುಡುಕ್ಯಾರ. ಸಿಕ್ಕಿಲ್ಲ. ಹಂಗ ಹೊಲದಾರ.”

ಈರಪ್ಪ ಗುಣವಾಗಿ ಊರಿಗೆ ಹೋದ. ಗಾಣ ತಿರುಗಿಸುತ್ತ, ಮೂರು ಹೊತ್ತು ಉಣ್ಣುತ್ತ, ಎಣ್ಣೆಗೆ ಬಂದವರಿಗೆಲ್ಲ “ನನ್ನ ಹೊಟ್ಟ್ಯಾಗ ಅದು ಇನ್ನೂ ಹಂಗ ಐತಿ, ಡಾಕ್ಟರಿಗೆ ಸಿಗಲಿಲ್ಲ” ಎಂದು ಹೇಳುತ್ತಿದ್ದನಂತೆ. ಅವನ ಮೈಬಣ್ಣ ಕೆಂಪಗಾಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಖಾಲಿ ತಾಟಿನ ಸುದ್ದಿ ಮೋಟಾರು ಬಸ್ಸು ಹತ್ತಿ ಕುಷ್ಟಗಿ ಮುಟ್ಟಿತು, ಗಂಗಾವತಿಯನ್ನೂ ಮುಟ್ಟಿತು.

ಅಲ್ಲಿಂದ ಮುಂದೆ ರಕ್ತ ಕಾರುವವರು ಬರುತ್ತಿದ್ದರು. ಔಷಧ ಕುಡಿಯುತ್ತಿದ್ದರು. ಕೊಯ್ಯಬೇಕು ಎಂದ ಕೂಡಲೇ ಹಾಸಿಗೆ ಸುತ್ತುತ್ತಿದ್ದರು. ಕುಷ್ಟಗಿ ಕಡೆಯ ಒಬ್ಬ ನೇಕಾರ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಎರಡನೆಯ ಸಲ ರಕ್ತ ಕಾರಿದಾಗ ಡಾಕ್ಟರು ಅವನ ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದರು. ಮಾವ ಕೈಮುಗಿದು, “ಸಿಗಲಾರದ್ದನ್ನ ಹುಡುಕಾಕ ಯಾಕ ಕೊಯ್ಯಿಸಬೇಕ್ರಿ” ಎಂದ. ಚಕ್ಕಡಿ ಗಾಡಿಯಲ್ಲಿ ಹುಲ್ಲು ಹಾಸಿ ಹುಡುಗನನ್ನು ಮಲಗಿಸಿಕೊಂಡು ಹೋದರು. ಅವನು ಊರು ಮುಟ್ಟಲಿಲ್ಲ ಎಂದು ಮೋಟಾರಿನ ಕಂಡಕ್ಟರ್ ಬಂದು ಹೇಳಿದ.

ಡಾಕ್ಟರು ಕನ್ನಡಕ ಒರೆಸಿಕೊಂಡು ಮುಂದಿನ ರೋಗಿಯನ್ನು ಕರೆಯಿರಿ ಎಂದರು. ಮಧ್ಯಾಹ್ನ ನಾನು ಆಪರೇಷನ್ ಕೋಣೆಗೆ ಹೋದಾಗ ಎನಾಮಲ್ ತಾಟನ್ನು ಯಾರೋ ಬೋರಲು ಹಾಕಿದ್ದರು. ಖಾಸೀಂಸಾಬರು ಯಾವತ್ತೂ ತಾಟನ್ನು ಹಾಗೆ ಇಡುತ್ತಿರಲಿಲ್ಲ.

ಖಾಸೀಂಸಾಬರೇ ಒಂದು ಉಪಾಯ ಹೇಳಿದರು.

“ಸಾಹೇಬ, ಬಜಾರದಾಗ ಕುರಿ ಕರಳ ಸಿಗತೈತಿ. ಒಂದ ತುಂಡ ತಾಟಿನ್ಯಾಗ ಇಟ್ರ ಅವರಿಗೂ ಸಮಾಧಾನ, ನಮಗೂ ಸಮಾಧಾನ. ಒಳಗ ನೀವು ಮಾಡೂದು ಮಾಡ್ರಿ.”

ಡಾಕ್ಟರು ಬೈಯಬಹುದೆಂದು ನಾನು ಕಾದೆ. ಅವರು ಬೈಯಲಿಲ್ಲ, ಪೂರ್ತಿ ವಿಚಾರ ಮಾಡಿಯೇ ಉತ್ತರ ಕೊಟ್ಟರು.

“ಅವರು ಅದನ್ನ ಅರಿವ್ಯಾಗ ಕಟಗೊಂಡು ಊರಿಗೆ ಒಯ್ತಾರ. ಊರಾಗ ಎಲ್ಲಾರಿಗೂ ತೋರಸ್ತಾರ. ಊರಾಗ ಒಬ್ಬ ಕಟುಕ ಇರತಾನ, ಖಾಸೀಂಸಾಬ.”

“ಹೌದ್ರಿ, ಇರತಾನ.”

“ಅವ ಏನಂತಾನ?”

ಖಾಸೀಂಸಾಬರು ಗಡ್ಡ ಕೆರೆದುಕೊಂಡರು. “ಕುರಿದು ಅಂತಾನ್ರಿ.”

“ಆಮ್ಯಾಲ ನಾವು ಈತನಕ ತೋರಿಸಿದ ಕಲ್ಲೆಲ್ಲಾ ಹಳ್ಳದಾಗಿನ ಕಲ್ಲಾಗತಾವ.”

ಆ ಮಾತು ಅಲ್ಲಿಗೇ ಮುಗಿಯಿತು.

ಅಂಥ ಹೊತ್ತಿನಲ್ಲಿ ಬಂದವಳು ಮರಳಿಯ ಯಂಕಮ್ಮ. ಮರಳಿ ಗಂಗಾವತಿ ಹತ್ತಿರದ ಊರು. ನಮ್ಮ ಎರೆನೆಲದ ಹಾಗಲ್ಲ, ಕಾಲುವೆ ನೀರಿನ ಭತ್ತದ ಸೀಮೆ. ಯಂಕಮ್ಮ ಗಂಡ ಸತ್ತಮೇಲೆ ನಾಟಿ ಹಚ್ಚಿ, ಕಳೆ ಕಿತ್ತು ಒಬ್ಬನೇ ಮಗ ಹನುಮಂತನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಹನುಮಂತ ಮೋಟಾರಿನಲ್ಲೇ ರಕ್ತ ಕಾರಿಕೊಂಡು ಬಂದಿದ್ದ. ಡ್ರೈವರು ಸೀಟು ತೊಳೆಯಲು ನೀರು ಕೇಳಿಕೊಂಡು ಅವರ ಹಿಂದೆಯೇ ದವಾಖಾನೆಗೆ ಬಂದ.

ಹನುಮಂತನ ಮೈ ಸುಣ್ಣದ ಗೋಡೆಯ ಹಾಗಾಗಿತ್ತು. ಮಲಗಿಸಿ ಔಷಧ, ಉಪ್ಪುನೀರು, ಹಾಲು ಎಲ್ಲ ಕೊಟ್ಟೆವು. ರಕ್ತ ನಿಂತಿತು. ಅವನು ಅವ್ವನ ಜೊತೆ ಜಗಳವಾಡುವಷ್ಟು ಚೇತರಿಸಿಕೊಂಡ. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಕಾರಿದ. ನಾಡಿ ದಾರದ ಎಳೆಯ ಹಾಗೆ ಸಿಕ್ಕೂ ಸಿಗದಂತಿತ್ತು. ಡಾಕ್ಟರು ಯಂಕಮ್ಮನನ್ನು ಹೊರಗೆ ಕರೆದು, ಇವತ್ತೇ ಕೊಯ್ಯಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಅವಳು ಕೈ ಮುಂದೆ ಮಾಡಲಿಲ್ಲ.

“ಕೊಯ್ದು ಏನ್ ತಗೀತೀರಿ?”

“ಏನೂ ತಗಿಯಂಗಿಲ್ಲವ್ವಾ.”

“ಖಾಲಿ ತಾಟಿನ ಡಾಕ್ಟರು ಅಂದ್ರ ನೀವ ಏನು?”

“ನಾನ.”

“ಮೋಟಾರಿನ್ಯಾಗ ಹೇಳಿದ್ರು. ನಾ ಬ್ಯಾರೆ ಯಾರೋ ಅಂದ್ಕೊಂಡಿದ್ದೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಏನೂ ತಗಿಯಂಗಿಲ್ಲ ಅಂದ್ರ ಯಾಕ ಕೊಯ್ಯಬೇಕ್ರಿ? ಇರೂದು ಒಂದ ಕೂಸು ನನಗ.”

ಡಾಕ್ಟರು ಅವಳ ಎದುರಿಗೆ ಕಟ್ಟೆಯ ಮೇಲೆ ಕುಳಿತರು. ರೋಗಿಗಳ ಕಡೆಯವರೆದುರು ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮ್ಮೂರ ಕಾಲುವಿ ಒಡದ್ರ ಏನ್ ತಗೀತೀರಿ?”

“ಏನ್ ತಗಿಯೂದ್ರಿ. ಒಡದಲ್ಲಿ ಕಲ್ಲು ಮಣ್ಣು ಹಾಕಿ ಕಟ್ಟತೀವಿ.”

“ಕಟ್ಟಿದ್ದು ಗಟ್ಟಿ ಆಗೂತನಕ ನೀರು?”

“ಬ್ಯಾರೆ ಕಡಿಗೆ ತಿರುವತೀವಿ.”

“ನಾನೂ ಇಷ್ಟ ಮಾಡಾವ. ಒಡದಲ್ಲಿ ಕಟ್ಟತೀನಿ, ನೀರು ಬ್ಯಾರೆ ಕಡಿಗೆ ತಿರುವತೀನಿ.”

ಇಲ್ಲಿಗೆ ಅವಳು ಒಪ್ಪಿಬಿಟ್ಟಳು ಎಂದುಕೊಂಡರೆ ನಿಮಗೆ ನಮ್ಮ ಕಡೆಯ ಹೆಂಗಸರ ಪರಿಚಯವಿಲ್ಲ.

“ಕಾಲುವಿ ಕಟ್ಟಿದ್ದು ಕಣ್ಣಿಗೆ ಕಾಣತೈತ್ರಿ” ಎಂದಳು ಯಂಕಮ್ಮ. “ಇದು ಹೊಟ್ಟಿ ಒಳಗ. ನೀವು ಕಟ್ಟಿದ್ರೋ ಬಿಟ್ರೋ ನನಗ ಹೆಂಗ ಗೊತ್ತಾಗಬೇಕು?”

“ಮಲ ನೋಡಿದ್ರ ಗೊತ್ತಾಗತದ. ಈಗ ಕರ್ರಗ ಐತಿ. ರಕ್ತ ನಿಂತ್ರ ಹಳದಿ ಆಗತದ.”

“ಯಾರು ನೋಡಬೇಕು?”

“ನೀನ ನೋಡು. ದಿನಾ ಮುಂಜಾನಿ ಬಾಯಾರು ತಂದು ತೋರಸ್ತಾರ.”

ಯಂಕಮ್ಮ ನನ್ನ ಕಡೆ ತಿರುಗಿ ನೋಡಿದಳು. ನಾನು ಡಾಕ್ಟರ ಕಡೆ ನೋಡಿದೆ. ಬೆಡ್‌ಪ್ಯಾನನ್ನು ರೋಗಿಯ ಮನೆಯವರ ಮುಂದೆ ಹಿಡಿದು ನಿಲ್ಲುವುದನ್ನು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಡಾಕ್ಟರು ಏನೂ ವಿಶೇಷವಿಲ್ಲವೆಂಬಂತೆ ಎದ್ದು ಕೈ ತೊಳೆಯಲು ಹೋದರು. ಯಂಕಮ್ಮ ಹೆಬ್ಬೆಟ್ಟು ಒತ್ತಿ, “ಸುಳ್ಳಾದ್ರ ಮೋಟಾರಿನ ಮಂದಿಗೆಲ್ಲಾ ನಾನೂ ಹೇಳಾಕಿ” ಎಂದಳು.

ಆಪರೇಷನ್ ಕೋಣೆಗೆ ಪೂರ್ವಕ್ಕೆ ಒಂದು ಎತ್ತರದ ಕಿಟಕಿಯಿತ್ತು. ಅದರ ಬೆಳಕು ಇರುವಷ್ಟರೊಳಗೆ ಮುಗಿಸಬೇಕು. ಖಾಸೀಂಸಾಬರು ಈಥರ್ ಹನಿಸುತ್ತ ಬಿಸ್ಮಿಲ್ಲಾ ಎಂದರು. ಅದನ್ನು ಅವರು ಪ್ರತಿ ಸಲವೂ ಹೇಳುತ್ತಿದ್ದರು, ಡಾಕ್ಟರು ಪ್ರತಿ ಸಲವೂ ಹೂಂ ಎನ್ನುತ್ತಿದ್ದರು. ಹೊಟ್ಟೆ ತೆರೆದಾಗ ಜಠರ ಹೆಪ್ಪುಗಟ್ಟಿದ ರಕ್ತದಿಂದ ಉಬ್ಬಿತ್ತು. ಅದರ ಮುಂದಿನ ಕರುಳು ಚರ್ಮದ ಹಾಗೆ ದಪ್ಪಗಾಗಿತ್ತು. ತೆರೆದು, ಹೆಪ್ಪುಗಳನ್ನು ಒರೆಸಿ ತೆಗೆದರೆ, ಹಿಂದಿನ ಗೋಡೆಯಲ್ಲಿ ತಗ್ಗು. ತಗ್ಗಿನ ತಳದಿಂದ ರಕ್ತ ನೆಟ್ಟಗೆ ಮೇಲಕ್ಕೆ ಚಿಮ್ಮಿತು. ಡಾಕ್ಟರು ತೋರುಬೆರಳು ಒತ್ತಿ ಹಿಡಿದರು.

“ಸೂಜಿ” ಎಂದರು. ಕೊಟ್ಟೆ. ಬೆರಳನ್ನು ತೆಗೆಯದೆ, ಅದರ ಮೇಲೊಂದು ಕೆಳಗೊಂದು ಹೊಲಿಗೆ ಹಾಕಬೇಕು. ಮೊದಲನೆಯ ಗಂಟು ಬಿಗಿಯುವಾಗ ಎಳೆ ಹರಿಯಿತು. ಡಾಕ್ಟರ ಬೆರಳು ಕದಲಲಿಲ್ಲ.

“ನಾಡಿ?”

“ಹುಡಕಾಕತ್ತೀನ್ರಿ” ಎಂದರು ಖಾಸೀಂಸಾಬರು.

ನಾನು ಹೊಸ ಸುರುಳಿಯಿಂದ ಎಳೆ ತೆಗೆದು ಪೋಣಿಸಿಕೊಟ್ಟೆ. ಮೇಲೆ ಒಂದು, ಕೆಳಗೆ ಒಂದು, ಅಡ್ಡಕ್ಕೆ ಇನ್ನೊಂದು. ಡಾಕ್ಟರು ಬೆರಳೆತ್ತಿದರು. ಮೂವರೂ ಆ ತಗ್ಗನ್ನೇ ನೋಡುತ್ತ ನಿಂತೆವು. ಒಣಗಿಯೇ ಇತ್ತು. ಆಮೇಲಿನದು ಜೋಡಣೆ, ಅದು ಹೊತ್ತು ಹಿಡಿಯುವ ಕೆಲಸ, ಆದರೆ ಎದೆ ಹೊಡೆದುಕೊಳ್ಳುವ ಕೆಲಸವಲ್ಲ. ಕಿಟಕಿಯ ಬಿಸಿಲು ನೆಲ ಬಿಟ್ಟು ಹೋಗುವ ಮೊದಲು ಹೊಟ್ಟೆ ಮುಚ್ಚಿದೆವು. ಡಾಕ್ಟರು ತಾಟು ಮುಟ್ಟದೆ ಬರಿಗೈಯಲ್ಲಿ ವರಾಂಡಕ್ಕೆ ಹೋದರು. ಯಂಕಮ್ಮ ಕೈ ನೋಡಲಿಲ್ಲ. “ಮುಂಜಾನಿ ನೋಡತೀನಿ” ಎಂದಳು.

ಡಾಕ್ಟರು ಒಂದು ಮಾತು ಹೇಳುವುದನ್ನು ಮರೆತಿದ್ದರು. ನನಗೂ ಹೊಳೆದಿರಲಿಲ್ಲ. ಇಂಥ ಆಪರೇಷನ್ ಆದ ಮೇಲೆ ಕರುಳಿನಲ್ಲಿ ಮೊದಲೇ ಇಳಿದಿದ್ದ ಹಳೆಯ ರಕ್ತ ಇನ್ನೂ ಕೆಲವು ದಿನ ಬರುತ್ತಲೇ ಇರುತ್ತದೆ. ನಾನು ಬೆಡ್‌ಪ್ಯಾನ್ ಹಿಡಿದು ಹೋಗಿ ಮುಚ್ಚಿದ ಅರಿವೆ ತೆಗೆದರೆ ಒಳಗೆ ಕಾಡಿಗೆಯಂಥ ಕಪ್ಪು. ಯಂಕಮ್ಮ ಬಗ್ಗಿ ನೋಡಿದಳು. ಮುಂದಿನ ಸಲವೂ ಕಪ್ಪು. ಅದರ ಮುಂದಿನ ಸಲ ಇನ್ನೂ ಹೆಚ್ಚಾಗಿ, ಇನ್ನೂ ಕಪ್ಪಗೆ.

ನಾನು ಬೆಡ್‌ಪ್ಯಾನ್ ತೊಳೆದು ಬರುವಷ್ಟರಲ್ಲಿ ಅವಳು ಗಂಟು ಕಟ್ಟುತ್ತಿದ್ದಳು. ಹನುಮಂತ ಹೊಟ್ಟೆಯ ಪಟ್ಟಿ ಹಿಡಿದುಕೊಂಡು ಎದ್ದು ಕೂರಲು ನೋಡುತ್ತಿದ್ದ.

“ಎಲ್ಲಿಗೆ ಹೊಂಟಿ?”

“ನಮ್ಮೂರಿಗೆ. ಕಟ್ಟಿಲ್ಲ ನೀವು. ಸುಳ್ಳ ಹೇಳೀರಿ. ಸಾಯೂದಾದ್ರ ಮನ್ಯಾಗ ಸಾಯ್ಲಿ.”

ಹೊಲಿಗೆ ಹಸಿಯಿರುವಾಗ ಅವನನ್ನು ಮೋಟಾರಿನಲ್ಲಿ ಕೂರಿಸಿದರೆ, ಡಾಕ್ಟರು ಎಷ್ಟು ಗಟ್ಟಿಯಾಗಿ ಕಟ್ಟಿದ್ದರೂ ಅವನು ಗಂಗಾವತಿ ಮುಟ್ಟುತ್ತಿರಲಿಲ್ಲ. ಡಾಕ್ಟರು ಅವತ್ತು ಯಾರದೋ ಹೆರಿಗೆ ಕಷ್ಟವಾಗಿದೆಯೆಂದು ಊರೊಳಗೆ ಹೋಗಿದ್ದರು. ನನಗೆ ಕರುಳು, ಹಳೆಯ ರಕ್ತ, ಇಳಿಯುವ ಹೊತ್ತು ಎಂದು ಏನೇನೋ ಬಾಯಿಗೆ ಬಂತು. ಅವಳು ಕೇಳಿಸಿಕೊಳ್ಳಲೇ ಇಲ್ಲ. ಕಡೆಗೆ ನಾನು ಗಂಟಿನ ಮೇಲೆ ಕಾಲಿಟ್ಟು ನಿಂತೆ.

“ಯಂಕಮ್ಮಾ, ಕಾಲುವಿ ಒಡದಲ್ಲಿ ಕಟ್ಟಿದ ಮ್ಯಾಲ ಗದ್ಯಾಗ ನುಗ್ಗಿದ್ದ ನೀರು ಅವತ್ತ ಇಳದು ಹೋಗತದೇನು?”

“ಅವತ್ತ ಹೆಂಗ ಇಳೀತೈತಿ? ಹುಚ್ಚಿ ಅದೀಯೇನು? ಹರಕೊಂಡು ಹೋಗಾಕ ಹೊತ್ತು ಬೇಕಲ್ಲ ಅದಕ್ಕ.”

ಅಷ್ಟು ಹೇಳಿದವಳು ಮಗನ ಹೊಟ್ಟೆಯ ಪಟ್ಟಿಯನ್ನು ನೋಡಿದಳು. ಹನುಮಂತ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ನಿಧಾನಕ್ಕೆ ಹಿಂದಕ್ಕೆ ಮಲಗಿದ. ಯಂಕಮ್ಮ ಬಗ್ಗಿ, “ಕಾಲ ತಗೀ” ಎಂದು ಗಂಟನ್ನು ನನ್ನ ಕಾಲಡಿಯಿಂದ ಎಳೆದುಕೊಂಡು ಬಿಚ್ಚತೊಡಗಿದಳು.

“ಮೊದಲ ಹೇಳಾಕ ಏನಾಗಿತ್ತು ನಿಮಗ? ದೊಡ್ಡ ಡಾಕ್ಟರಂತ, ದೊಡ್ಡ ಬಾಯಾರಂತ.”

ಆಮೇಲೆ ಅವಳು ನನಗಾಗಿ ಕಾಯಲಿಲ್ಲ. ತಾನೇ ನೋಡುತ್ತಿದ್ದಳು. ಕಪ್ಪು ಹೋಗಿ ಕಂದು ಆಯಿತು. ಕಂದು ತಿಳಿಯಾಯಿತು. ಒಂದು ಬೆಳಿಗ್ಗೆ ಅವಳು ಬೆಡ್‌ಪ್ಯಾನಿಗೆ ಅರಿವೆ ಮುಚ್ಚಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ನಡೆಯುತ್ತ, ವಾರ್ಡು ದಾಟಿ ವರಾಂಡಕ್ಕೆ ಹೋದಳು. ತಡೆಯಬೇಕೆಂದು ನಾನು ಹಿಂದೆ ಹೋದೆ. ತಡವಾಗಿತ್ತು.

ವರಾಂಡದಲ್ಲಿ ಯಲಬುರ್ಗಾ ಕಡೆಯವರು ಕುಳಿತಿದ್ದರು. ಅವರ ಮನೆಯ ಸಂಗಪ್ಪನೆಂಬವನು ಒಳಗೆ ಎರಡನೆಯ ಸಲ ರಕ್ತ ಕಾರಿ ಮಲಗಿದ್ದ. ಕೊಯ್ಯಬೇಕು ಎಂದು ಡಾಕ್ಟರು ಹೇಳಿ ಆಗಿತ್ತು. ಗಾಣದ ಈರಪ್ಪನ ಕಥೆ ಗೊತ್ತಿದ್ದ ಸಂಗಪ್ಪನ ಕಾಕಾ ಚಕ್ಕಡಿ ತರಲು ಹೇಳಿ ಕಳಿಸಿಯೂ ಆಗಿತ್ತು. ಯಂಕಮ್ಮ ಹೋಗಿ ಅವನ ಎದುರಿಗೇ ಬೆಡ್‌ಪ್ಯಾನ್ ಇಟ್ಟು ಅರಿವೆ ತೆಗೆದಳು.

ಕಾಕಾ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡ. “ಏನಬೇ ಇದು, ಮುಂಜಮುಂಜಾನೆ ಹೊಲಸು.”

“ಹೊಲಸಲ್ಲ. ನನ್ನ ಮಗಂದು. ಮೊನ್ನಿತನಕ ಡಾಂಬರ ಇದ್ದಂಗ ಇತ್ತು. ಈಗ ನೋಡ್ರಿ, ಹೆಂಗ ಹಳದಿ ಆಗೈತಿ.”

“ಡಾಕ್ಟರು ಏನ್ ತಗದ್ರು?”

“ಏನೂ ತಗದಿಲ್ಲ. ಒಡದಿತ್ತು, ಕಟ್ಯಾರ. ತಾಟು ಕೇಳಬ್ಯಾಡ್ರಿ, ಅದರಾಗ ಏನೂ ಇರಂಗಿಲ್ಲ. ಇದನ್ನ ಕೇಳ್ರಿ. ಮೊದಲ ಕರ್ರಗ ಬರತೈತಿ. ಹೆದರಿ ನನ್ನಂಗ ಗಂಟು ಕಟ್ಟಬ್ಯಾಡ್ರಿ.”

ಕಾಕಾ ಮೂಗು ಬಿಡಲಿಲ್ಲ. ಆದರೆ ಬಗ್ಗಿ ನೋಡಿದ. ಮೂತ್ರದ ಕಲ್ಲನ್ನು ನೋಡುವಷ್ಟೇ ಶ್ರದ್ಧೆಯಿಂದ, ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ನೋಡಿದ. ಆಮೇಲೆ ಕೇಳಿದ:

“ಎಷ್ಟ ದಿನಕ್ಕ ಹಿಂಗಾತು?”

ನಾನು ಒಳಗೆ ಹೋಗಿ ಖಾಸೀಂಸಾಬರಿಗೆ ಸಾಮಾನು ಕುದಿಯಲು ಇಡಲು ಹೇಳಿದೆ. ಸಂಗಪ್ಪ ಬದುಕಿದ.

ಅವನ ನಂತರ ಬಂದವರೆಲ್ಲ ಬದುಕಿದರು ಎಂದು ನಾನು ಬರೆಯುವುದಿಲ್ಲ. ಹಳದಿಯಾಗುವ ಮೊದಲೇ ಹೋದವರೂ ಇದ್ದರು. ಅವರ ಮನೆಯವರ ಮುಂದೆಯೂ ಡಾಕ್ಟರು ಬರಿಗೈಯಲ್ಲೇ ಹೋಗಿ ನಿಂತರು. ಆದರೆ ಖಾಲಿ ತಾಟಿನ ಕಾರಣಕ್ಕೆ ಹಾಸಿಗೆ ಸುತ್ತಿಕೊಂಡು ಹೋದವರು ಮತ್ತೆ ಯಾರೂ ಇಲ್ಲ. ಬೆಳಿಗ್ಗೆ ನಾನು ಬೆಡ್‌ಪ್ಯಾನ್ ಹಿಡಿದು ಬರುವಾಗ ವರಾಂಡದ ಮಂದಿ ಎದ್ದು ನಿಂತು ದಾರಿ ಬಿಡುತ್ತಿದ್ದರು. ಹೆಡ್ ನರ್ಸ್ ಆದಾಗಲೂ ನನಗೆ ಅಷ್ಟು ಮರ್ಯಾದೆ ಸಿಗಲಿಲ್ಲ.

ಯಂಕಮ್ಮ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಗಂಗಾವತಿ ಮೋಟಾರಿನಲ್ಲಿ ಒಂದು ಗಂಟು ಹೊಸ ಅಕ್ಕಿ ಕಳಿಸುತ್ತಿದ್ದಳು, ಅದರ ಜೊತೆ ಒಂದು ಸಮಾಚಾರವನ್ನೂ. ತಂದವನು ವರಾಂಡದಲ್ಲಿ ನಿಂತು, ಎಷ್ಟೇ ಮಂದಿಯಿದ್ದರೂ, ದೊಡ್ಡ ದನಿಯಲ್ಲಿ ಒಪ್ಪಿಸುತ್ತಿದ್ದ: “ಮರಳಿ ಯಂಕಮ್ಮ ಹೇಳಿಕಳಿಸ್ಯಾಳ್ರಿ. ಹಳದಿ ಐತಂತ.” ಒಳಗೆ ಯಾರದೋ ಹೊಟ್ಟೆ ಒತ್ತಿ ನೋಡುತ್ತಿದ್ದ ಡಾಕ್ಟರು ತಲೆ ಎತ್ತದೆ, “ಛಲೋ ಆತು” ಎನ್ನುತ್ತಿದ್ದರು.

ಡಾಕ್ಟರು ತೀರಿಕೊಂಡರು. ಖಾಸೀಂಸಾಬರೂ ಹೋದರು. ದವಾಖಾನೆ ಮುಚ್ಚುವ ವಾರ ನಾನೊಬ್ಬಳೇ ಬೀರು ಖಾಲಿ ಮಾಡುತ್ತಿದ್ದಾಗ ಒಬ್ಬ ದಪ್ಪ ಆಳು ಅಕ್ಕಿ ಗಂಟು ಹೊತ್ತುಕೊಂಡು ಬಂದ. ಮೀಸೆಯಲ್ಲಿ ಬಿಳಿಕೂದಲು. ಗಂಟು ಇಳಿಸಿದ ಮೇಲೂ ಹೋಗದೆ ನಿಂತಿದ್ದ. ಹನುಮಂತ.

“ಅವ್ವ ಹೋದ್ಲ್ರಿ, ಬಾಯಾರ. ಹೋಗೂಮುಂದ ಹೇಳ್ಯಾಳ, ವರ್ಷಾ ವರ್ಷಾ ನೀನ ಹೋಗಿ ಹೇಳಬೇಕು ಅಂತ.”

“ಏನಂತ?”

ಅವನು ವರಾಂಡದ ಕಡೆ ನೋಡಿದ. ಬೀರು ಹೊರಲು ಬಂದಿದ್ದ ಇಬ್ಬರು ಹಮಾಲರಿದ್ದರು. ನಾಚಿಕೊಂಡು, ಬಗ್ಗಿ, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದ.

“ಹಳದಿ ಐತ್ರಿ.”

ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಈಗ ನಿಮ್ಮದನ್ನು ಹೇಳಿ. ತೋರಿಸಲು ಏನೂ ಇಲ್ಲದಾಗ ನಿಮ್ಮ ವರಾಂಡದಲ್ಲಿ ಕಾದವರಿಗೆ ನೀವು ಏನು ತೋರಿಸಿದಿರಿ? ಅವರು ನಂಬಿದರೋ, ಗಂಟು ಕಟ್ಟಿದರೋ? ಯಾವ ಊರು, ಯಾವ ಕಾಲ ಎಂಬುದನ್ನೂ ಬರೆಯಿರಿ. ಹೊಲಸು ಎಂದು ಏನನ್ನೂ ಬಿಡಬೇಡಿ.